ಹೆಬ್ಬೆಟ್ಟು ಒತ್ತುವ ಮುನ್ನ: ಆಸ್ಪತ್ರೆಯ ಸಂಶೋಧನೆ ಮತ್ತು ಸಾಕ್ಷಿಯ ಸಹಿ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ. ಕಲಬುರಗಿ ಜಿಲ್ಲೆಯ ಈ ಊರುಗಳ ಹೆಸರುಗಳು ಕರಾವಳಿಯವರಾದ ನಮಗೆ ಹೊಸವೇನಲ್ಲ. ನಮ್ಮ ಎಷ್ಟೋ ಮನೆಗಳ ಜಗಲಿಗೆ ಹಾಸಿರುವುದು ಶಹಾಬಾದ್ ಕಲ್ಲು. ವಾಡಿ ಮತ್ತು ಸೇಡಂ ಎಂದೊಡನೆ ಸಿಮೆಂಟ್ ಕಾರ್ಖಾನೆಗಳು ನೆನಪಾಗುತ್ತವೆ, ಕಲಬುರಗಿ ಎಂದೊಡನೆ ತೊಗರಿ ಬೇಳೆ. ಆ ಸೀಮೆಯಿಂದ ಕಟ್ಟಡ ಕೆಲಸಕ್ಕೆಂದು ಕುಟುಂಬ ಸಮೇತ ಬಂದು ನಮ್ಮ ನಡುವೆ ಶೆಡ್ಡುಗಳಲ್ಲಿ ವಾಸವಾಗಿರುವವರೂ ಇದ್ದಾರೆ. ನಾವು ಮಾತ್ರ ಅವರೆಲ್ಲರನ್ನೂ ‘ಘಟ್ಟದ ಮೇಲಿನವರು’ ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತೇವೆ. 2005ರಲ್ಲಿ ಗುಲ್ಬರ್ಗ ಧರ್ಮಪ್ರಾಂತ್ಯ ಸ್ಥಾಪನೆಯಾಯಿತು. ಅಲ್ಲಿ ಸೇವೆ ಸಲ್ಲಿಸುತ್ತಿರುವ ಧರ್ಮಗುರುಗಳಲ್ಲಿಯೂ ಧರ್ಮಭಗಿನಿಯರಲ್ಲಿಯೂ ಕರಾವಳಿ ಮೂಲದವರಿದ್ದಾರೆ. ಆದ್ದರಿಂದ ಆ ಊರಿನ ರೋಗಿಯೊಬ್ಬರನ್ನು ಆಸ್ಪತ್ರೆಗೆ ಕರೆದೊಯ್ಯುವ ಪ್ರಸಂಗ ಅಲ್ಲಿಯ ಧರ್ಮಕೇಂದ್ರಗಳಿಗೂ ಬರುತ್ತದೆ, ಇಲ್ಲಿಯ ಧರ್ಮಕೇಂದ್ರಗಳಿಗೂ ಬರುತ್ತದೆ.

ಕಾಯಿಲೆ ದೊಡ್ಡದಾದರೆ ಬಡವರು ಸೇರುವುದು ಸಾಮಾನ್ಯವಾಗಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ. ಊರಿನಲ್ಲಿದ್ದರೆ ಕಲಬುರಗಿಯ ಜಿಮ್ಸ್, ಬಸವೇಶ್ವರ ಆಸ್ಪತ್ರೆ ಅಥವಾ ಸೇಡಂ ರಸ್ತೆಯ ಇ.ಎಸ್.ಐ. ಆಸ್ಪತ್ರೆ. ವಾಡಿ ಜಂಕ್ಷನ್‌ನಲ್ಲಿ ರೈಲು ಹತ್ತಿದರೆ ಬೆಂಗಳೂರಿನ ಸಂತ ಜಾನರ ಆಸ್ಪತ್ರೆ. ಇಲ್ಲಿದ್ದರೆ ವೆನ್ಲಾಕ್, ಫಾದರ್ ಮುಲ್ಲರ್, ಮಣಿಪಾಲ. ಇಂತಹ ಆಸ್ಪತ್ರೆಗಳಲ್ಲಿ ಹಾಸಿಗೆಯ ಬಳಿಗೆ ಯುವ ವೈದ್ಯರೊಬ್ಬರು ಕೆಲವು ಹಾಳೆಗಳನ್ನು ಹಿಡಿದು ಬರುವುದುಂಟು. ‘ನಾವೊಂದು ಅಧ್ಯಯನ ಮಾಡುತ್ತಿದ್ದೇವೆ, ನೀವು ಸೇರಿಕೊಳ್ಳುತ್ತೀರಾ?’ ಎಂದು ಕೇಳುತ್ತಾರೆ. ರೋಗಿಗೆ ಓದು ಬಾರದಿದ್ದರೆ ಹೆಬ್ಬೆಟ್ಟು ಒತ್ತಿಸಿಕೊಳ್ಳಬೇಕಾಗುತ್ತದೆ. ಆಗ ಜೊತೆಗೆ ಬಂದ ಧರ್ಮಕೇಂದ್ರದ ಕಾರ್ಯಕರ್ತರತ್ತ ತಿರುಗಿ, ‘ನೀವು ಸಾಕ್ಷಿಯಾಗಿ ಒಂದು ಸಹಿ ಹಾಕಿ’ ಎನ್ನುತ್ತಾರೆ.

ಬ್ಯಾಂಕಿನ ಫಾರಂಗೆ ಹಾಕುವ ಸಾಕ್ಷಿ ಸಹಿಯಂತೆ ಇದೂ ಒಂದು ಶಾಸ್ತ್ರವೆಂದು ತಿಳಿದು ಸಹಿ ಹಾಕಿಬಿಡುವವರು ಬಹಳ. ಅದು ಹಾಗಲ್ಲ. ಆ ಸಹಿಗೆ ನಮ್ಮ ದೇಶದ ಕಾನೂನಿನಲ್ಲಿ ನಿರ್ದಿಷ್ಟವಾದ ಅರ್ಥವಿದೆ.

ಚಿಕಿತ್ಸೆ ಬೇರೆ, ಸಂಶೋಧನೆ ಬೇರೆ

ಬೋಧನಾ ಆಸ್ಪತ್ರೆಯಲ್ಲಿ ಮೂರು ಕೆಲಸಗಳು ಒಂದೇ ವಾರ್ಡಿನಲ್ಲಿ ನಡೆಯುತ್ತಿರುತ್ತವೆ. ರೋಗಿಗೆ ಚಿಕಿತ್ಸೆ ಕೊಡುವುದು ಒಂದು. ಹತ್ತಾರು ವಿದ್ಯಾರ್ಥಿಗಳು ಹಾಸಿಗೆಯ ಸುತ್ತ ನಿಂತು ಕಲಿಯುವುದು ಇನ್ನೊಂದು. ಮೂರನೆಯದು ಸಂಶೋಧನೆ. ಮೊದಲನೆಯದರ ಗುರಿ ಈ ರೋಗಿ ಗುಣವಾಗುವುದು. ಸಂಶೋಧನೆಯ ಗುರಿ ಮುಂದೆ ಬರಲಿರುವ ರೋಗಿಗಳಿಗಾಗಿ ಒಂದು ಪ್ರಶ್ನೆಗೆ ಉತ್ತರ ಕಂಡುಕೊಳ್ಳುವುದು. ಬಿಳಿ ಕೋಟು ಹಾಕಿದವರು ಅದೇ ವೈದ್ಯರು, ರಕ್ತ ತೆಗೆಯುವ ಸೂಜಿಯೂ ಅದೇ. ಆದ್ದರಿಂದ ರೋಗಿಗೆ ವ್ಯತ್ಯಾಸ ತಿಳಿಯುವುದು ಕಷ್ಟ. ‘ಡಾಕ್ಟರು ಹೇಳಿದ್ದಾರೆಂದರೆ ನನ್ನ ಒಳ್ಳೆಯದಕ್ಕೇ ಇರಬೇಕು’ ಎಂದು ಅವರು ನಂಬುತ್ತಾರೆ.

ಎಲ್ಲ ಸಂಶೋಧನೆಯೂ ಹೊಸ ಔಷಧದ ಪರೀಕ್ಷೆಯಲ್ಲ ಎಂಬುದನ್ನೂ ಹೇಳಬೇಕು. ಎಂ.ಡಿ., ಎಂ.ಎಸ್. ಓದುವ ಪ್ರತಿಯೊಬ್ಬ ವಿದ್ಯಾರ್ಥಿಯೂ ಒಂದು ಪ್ರಬಂಧ ಸಿದ್ಧಪಡಿಸಬೇಕು. ಇಂತಹ ಅಧ್ಯಯನಗಳಲ್ಲಿ ಹೆಚ್ಚಿನವು ಕೆಲವು ಪ್ರಶ್ನೆ ಕೇಳುವುದು, ಒಂದೆರಡು ಚಮಚ ಹೆಚ್ಚು ರಕ್ತ ತೆಗೆಯುವುದು, ಹಳೆಯ ಕಡತಗಳನ್ನು ನೋಡುವುದು, ಇಷ್ಟರಲ್ಲೇ ಮುಗಿಯುತ್ತವೆ. ಇವುಗಳಿಂದ ಅಪಾಯ ಕಡಿಮೆ. ಕ್ಲಿನಿಕಲ್ ಟ್ರಯಲ್ ಎಂಬುದು ಬೇರೆ. ಅಲ್ಲಿ ಔಷಧವನ್ನೋ ಲಸಿಕೆಯನ್ನೋ ಚಿಕಿತ್ಸಾಕ್ರಮವನ್ನೋ ಕೊಟ್ಟು, ಕೊಡದವರೊಂದಿಗೆ ಹೋಲಿಸಿ ನೋಡುತ್ತಾರೆ.

ಹೋಲಿಸಿ ನೋಡುವ ಈ ಉಪಾಯ ಬೈಬಲ್ ಓದುವವರಿಗೆ ಪರಿಚಿತವೇ. ದಾನಿಯೇಲನ ಗ್ರಂಥದ ಮೊದಲ ಅಧ್ಯಾಯದಲ್ಲಿ ದಾನಿಯೇಲನೂ ಅವನ ಮೂವರು ಗೆಳೆಯರೂ ಹತ್ತು ದಿನ ಕಾಯಿಪಲ್ಲೆ ತಿಂದು ನೀರು ಕುಡಿದು, ಅರಮನೆಯ ಊಟ ಮಾಡಿದ ಯುವಕರೊಂದಿಗೆ ತಮ್ಮನ್ನು ಹೋಲಿಸಿ ನೋಡುವಂತೆ ಕೇಳಿಕೊಳ್ಳುತ್ತಾರೆ. ಇಂದಿನ ಸಂಶೋಧಕರಾದರೆ ಒಂದು ಆಕ್ಷೇಪ ಎತ್ತುತ್ತಾರೆ: ಯಾರು ಏನು ತಿನ್ನಬೇಕೆಂಬುದನ್ನು ತಿನ್ನುವವರೇ ಆರಿಸಿಕೊಂಡರೆ ಹೋಲಿಕೆ ಸರಿಹೋಗದು, ಅದನ್ನು ಚೀಟಿ ಎತ್ತಿ ನಿರ್ಧರಿಸಬೇಕು. ಯೂದನ ಸ್ಥಾನಕ್ಕೆ ಮತ್ತೀಯನನ್ನು ಪ್ರೇಷಿತರು ಚೀಟಿ ಹಾಕಿ ಆರಿಸಿದರಲ್ಲವೇ? ಹಾಗೆಯೇ. ಇಂದು ಆ ಚೀಟಿ ಎತ್ತುವ ಕೆಲಸವನ್ನು ಕಂಪ್ಯೂಟರ್ ಮಾಡುತ್ತದೆ. ಅಂದರೆ ಟ್ರಯಲ್ ಸೇರಿದ ರೋಗಿಗೆ ಯಾವ ಔಷಧ ಸಿಗುತ್ತದೆ ಎಂಬುದನ್ನು ಅವರ ವೈದ್ಯರು ಆರಿಸುವುದಿಲ್ಲ. ಈ ಒಂದು ಸಂಗತಿಯನ್ನು ರೋಗಿಗೆ ಅರ್ಥವಾಗುವಂತೆ ಹೇಳದಿದ್ದರೆ ಉಳಿದದ್ದನ್ನೆಲ್ಲ ಹೇಳಿಯೂ ಪ್ರಯೋಜನವಿಲ್ಲ.

ಬಡವರಿಗೆ ಇದರಿಂದ ಏನು ಲಾಭ?

ನಮ್ಮ ಮಂಗಳೂರಿನದೇ ಒಂದು ಉದಾಹರಣೆ ಕೊಡುತ್ತೇನೆ. ದೇರಳಕಟ್ಟೆಯ ಯೇನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ ಅವರು ಕ್ಷಯರೋಗದ ಬಗ್ಗೆ ಒಂದು ಸರಳ ಪ್ರಶ್ನೆ ಎತ್ತಿಕೊಂಡರು. ಮನೆಯಲ್ಲಿ ಒಬ್ಬರಿಗೆ ಟಿ.ಬಿ. ಬಂದಾಗ ಉಳಿದವರಿಗೆ ಹೊಟ್ಟೆತುಂಬ ಪೌಷ್ಟಿಕ ಆಹಾರ ಕೊಟ್ಟರೆ ಅವರಿಗೆ ರೋಗ ತಗಲುವುದು ಕಡಿಮೆಯಾಗುತ್ತದೆಯೇ? ಬಡತನಕ್ಕೂ ಕ್ಷಯಕ್ಕೂ ನಂಟಿದೆ ಎಂಬುದು ಎಲ್ಲರಿಗೂ ಗೊತ್ತು. ಆದರೆ ಹೋಲಿಸಿ, ಅಳೆದು ತೋರಿಸಿದವರು ಇರಲಿಲ್ಲ. ಅಳೆಯದ ಹೊರತು ಸರ್ಕಾರದ ಹಣಕಾಸು ಇಲಾಖೆ ಕದಲುವುದಿಲ್ಲ.

2019ರಿಂದ 2022ರವರೆಗೆ ಜಾರ್ಖಂಡ್ ರಾಜ್ಯದ ನಾಲ್ಕು ಜಿಲ್ಲೆಗಳಲ್ಲಿ, ಸರ್ಕಾರದ ಕ್ಷಯ ನಿರ್ಮೂಲನಾ ಕಾರ್ಯಕ್ರಮ ಮತ್ತು ಚೆನ್ನೈನ ರಾಷ್ಟ್ರೀಯ ಕ್ಷಯ ಸಂಶೋಧನಾ ಸಂಸ್ಥೆಯ ಸಹಯೋಗದಲ್ಲಿ ಈ ಅಧ್ಯಯನ ನಡೆಯಿತು. 2,800 ರೋಗಿಗಳು, ಅವರ ಮನೆಗಳ 10,345 ಮಂದಿ ಸೇರಿದರು. ರೋಗಿಗಳಲ್ಲಿ ಐವರಲ್ಲಿ ನಾಲ್ವರು ತೂಕ ಕಡಿಮೆಯಿದ್ದವರು. ಟಿ.ಬಿ. ಮಾತ್ರೆಗಳ ಜೊತೆಗೆ ಎಲ್ಲ ರೋಗಿಗಳಿಗೂ ಆರು ತಿಂಗಳು ಆಹಾರದ ಪಡಿ ಸಿಕ್ಕಿತು. ಮನೆಯವರ ವಿಷಯದಲ್ಲಿ ಮಾತ್ರ ಚೀಟಿ ಎತ್ತಲಾಯಿತು: ಅರ್ಧದಷ್ಟು ಪ್ರದೇಶಗಳಲ್ಲಿ ತಲೆಗೆ ತಿಂಗಳಿಗೆ 5 ಕಿಲೋ ಅಕ್ಕಿ, ಒಂದೂವರೆ ಕಿಲೋ ಬೇಳೆ ಮತ್ತು ಜೀವಸತ್ವದ ಮಾತ್ರೆಗಳು, ಉಳಿದ ಪ್ರದೇಶಗಳಲ್ಲಿ ಇಲ್ಲ. 2023ರ ಆಗಸ್ಟ್‌ನಲ್ಲಿ ಲ್ಯಾನ್ಸೆಟ್ ಬಳಗದ ಪತ್ರಿಕೆಗಳಲ್ಲಿ ಫಲಿತಾಂಶ ಪ್ರಕಟವಾಯಿತು. ಪಡಿ ಸಿಕ್ಕ ಮನೆಗಳಲ್ಲಿ ಹೊಸದಾಗಿ ಕ್ಷಯ ತಗಲುವುದು ಶೇ. 39ರಷ್ಟು ಕಡಿಮೆಯಾಗಿತ್ತು. ಹರಡುವ ಬಗೆಯ ಶ್ವಾಸಕೋಶದ ಕ್ಷಯವಂತೂ ಶೇ. 48ರಷ್ಟು ಕಡಿಮೆ. ಕೋಟಿಗಟ್ಟಲೆ ಬೆಲೆಯ ಹೊಸ ಔಷಧವಲ್ಲ, ಅಕ್ಕಿ ಮತ್ತು ಬೇಳೆ! ಫಲಿತಾಂಶ ಬಂದ ಮರುವರ್ಷ, 2024ರ ನವೆಂಬರ್‌ನಿಂದ, ಕ್ಷಯರೋಗಿಗಳಿಗೆ ಸರ್ಕಾರ ಕೊಡುವ ಪೋಷಣೆಯ ಹಣ ತಿಂಗಳಿಗೆ 500 ರೂಪಾಯಿಯಿಂದ 1,000 ರೂಪಾಯಿಗೆ ಏರಿತು.

ಪಡಿ ಸಿಗದ ಮನೆಯವರ ಗತಿ ಏನು ಎಂದು ಓದುಗರು ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ ಅದು. ಹೋಲಿಕೆಯ ಗುಂಪಿನವರಿಗೆ ಆಗ ದೇಶದಲ್ಲಿ ಎಲ್ಲರಿಗೂ ಸಿಗುತ್ತಿದ್ದ ಸೌಲಭ್ಯ ತಪ್ಪಲಿಲ್ಲ, ಹೆಚ್ಚಿನದು ಮಾತ್ರ ಸಿಗಲಿಲ್ಲ. ನ್ಯಾಯದ ಗೆರೆ ಇರುವುದು ಇಲ್ಲಿಯೇ. ಇದ್ದದ್ದನ್ನು ಕಿತ್ತುಕೊಂಡು ಹೋಲಿಸುವಂತಿಲ್ಲ.

ಉತ್ತರ ಕರ್ನಾಟಕದಲ್ಲೇ ನಡೆದ ಇನ್ನೊಂದು ಅಧ್ಯಯನ ಈ ಗೆರೆಯ ಮೇಲೆಯೇ ನಡೆದದ್ದು. ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನವರು ಹಳ್ಳಿಗಳಲ್ಲಿ ಹೆರಿಗೆಯಾದ 1,620 ತಾಯಂದಿರನ್ನು ಸೇರಿಸಿಕೊಂಡು, ಹೆರಿಗೆಯ ನಂತರದ ರಕ್ತಸ್ರಾವ ತಡೆಯಲು ಮಿಸೊಪ್ರೊಸ್ಟಾಲ್ ಎಂಬ ಮಾತ್ರೆ ಕೊಟ್ಟರು. ಅರ್ಧದಷ್ಟು ತಾಯಂದಿರಿಗೆ ಸಿಕ್ಕಿದ್ದು ಔಷಧವಿಲ್ಲದ ಹುಸಿ ಮಾತ್ರೆ. 2006ರಲ್ಲಿ ಪ್ರಕಟವಾದ ಫಲಿತಾಂಶದಂತೆ ರಕ್ತಸ್ರಾವ ಶೇ. 12ರಿಂದ ಶೇ. 6.4ಕ್ಕೆ ಇಳಿದಿತ್ತು. ಆಸ್ಪತ್ರೆಗಳಲ್ಲಿ ಇದಕ್ಕಾಗಿ ಆಕ್ಸಿಟೋಸಿನ್ ಚುಚ್ಚುಮದ್ದು ಇರುವಾಗ ಹುಸಿ ಮಾತ್ರೆ ಕೊಡಬಹುದೇ ಎಂದು ವಾದಿಸುವವರಿದ್ದರು. ಚುಚ್ಚುಮದ್ದೇ ತಲುಪದ ಹಳ್ಳಿಯ ಹೆರಿಗೆಯಲ್ಲಿ ಏನು ಮಾಡಬೇಕೆಂಬುದೇ ನಮ್ಮ ಪ್ರಶ್ನೆ ಎಂಬುದು ಸಂಶೋಧಕರ ಉತ್ತರ. ನನ್ನ ಮಟ್ಟಿಗೆ ಆ ಉತ್ತರ ಒಪ್ಪತಕ್ಕದ್ದು. ಆದರೆ ವಾದ ನಡೆದದ್ದು ಒಳ್ಳೆಯದೇ ಆಯಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಉಪಯೋಗಕ್ಕಾಗಿ ಆ ಮಾತ್ರೆಯನ್ನು ಅತ್ಯವಶ್ಯ ಔಷಧಗಳ ಪಟ್ಟಿಗೆ ಸೇರಿಸಿತು.

ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿಯ ಆಶ್ರಯದಲ್ಲಿ 1963ರಲ್ಲಿ ಆರಂಭವಾದ ಸಂತ ಜಾನರ ವೈದ್ಯಕೀಯ ಕಾಲೇಜಿನ ಸಂಶೋಧನಾ ಸಂಸ್ಥೆಯೂ ಹಿಂದೆ ಬಿದ್ದಿಲ್ಲ. ಚೊಚ್ಚಲ ಬಸಿರಿನ 11,000 ತಾಯಂದಿರು ಬೆಂಗಳೂರಿನಲ್ಲಿ, ಅಷ್ಟೇ ಮಂದಿ ಟಾಂಜಾನಿಯಾದಲ್ಲಿ ಸೇರಿದ ಅಧ್ಯಯನದ ಫಲಿತಾಂಶ 2024ರ ಜನವರಿಯಲ್ಲಿ ಪ್ರಕಟವಾಯಿತು. ಬಸುರಿಯರ ರಕ್ತದೊತ್ತಡದ ತೊಂದರೆ ತಡೆಯಲು ದಿನಕ್ಕೆ 1,500 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕೇ, 500 ಸಾಕೇ ಎಂಬುದು ಪ್ರಶ್ನೆ. ಬೆಂಗಳೂರಿನಲ್ಲಿ 500 ಕೊಟ್ಟವರಲ್ಲಿ ಆ ತೊಂದರೆ ಶೇ. 3, 1,500 ಕೊಟ್ಟವರಲ್ಲಿ ಶೇ. 3.6. ಅಂದರೆ ಕಡಿಮೆ ಪ್ರಮಾಣವೇನೂ ಹಿಂದೆ ಬೀಳಲಿಲ್ಲ. ಮೂರು ಮಾತ್ರೆಯ ಜಾಗದಲ್ಲಿ ಒಂದು ಸಾಕೆಂದಾದರೆ ಖರ್ಚು ಎಷ್ಟು ಉಳಿಯುತ್ತದೆ, ನುಂಗುವವರ ಬೇಸರ ಎಷ್ಟು ತಪ್ಪುತ್ತದೆ ಎಂಬುದನ್ನು ಮನೆಯಲ್ಲಿ ಬಸುರಿ ಇದ್ದವರು ಬಲ್ಲರು.

ಕಲಬುರಗಿಯ ಜನರೂ ವಿಜ್ಞಾನಕ್ಕೆ ತಮ್ಮ ಪಾಲು ಕೊಟ್ಟವರೇ. ದೇಶದ ಮೊದಲ ಕೋವಿಡ್ ಸಾವು 2020ರ ಮಾರ್ಚ್‌ನಲ್ಲಿ ವರದಿಯಾದದ್ದು ಅಲ್ಲಿಂದ. ಅದೇ ವರ್ಷ ಮೇ ತಿಂಗಳಿನಿಂದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಸೋಂಕಿನ ನಿಜವಾದ ಹರಡುವಿಕೆ ತಿಳಿಯಲು 70 ಜಿಲ್ಲೆಗಳಲ್ಲಿ ರಕ್ತಪರೀಕ್ಷೆ ನಡೆಸಿದಾಗ ಕರ್ನಾಟಕದಿಂದ ಆಯ್ಕೆಯಾದ ಮೂರು ಜಿಲ್ಲೆಗಳಲ್ಲಿ ಕಲಬುರಗಿಯೂ ಒಂದು. ಮನೆಬಾಗಿಲಿಗೆ ಬಂದ ಅಪರಿಚಿತರಿಗೆ ತೋಳು ಚಾಚಿ ರಕ್ತ ಕೊಟ್ಟ ಇಂತಹ ಸಾಮಾನ್ಯರಿಂದಲೇ ದೇಶದಲ್ಲಿ ಸೋಂಕು ಸರ್ಕಾರದ ಲೆಕ್ಕಕ್ಕಿಂತ ಬಹುಪಾಲು ಹೆಚ್ಚು ಹರಡಿದೆ ಎಂಬುದು ತಿಳಿದುಬಂತು.

ಹಾಸ್ಟೆಲ್ ವಾರ್ಡನ್‌ಗಳ ಸಹಿ

ಇಷ್ಟೆಲ್ಲ ಒಳಿತಿದ್ದರೂ ಎಚ್ಚರಿಕೆ ಏಕೆ ಎಂಬುದಕ್ಕೆ ನೆರೆಯ ತೆಲುಗು ನಾಡಿನ ಖಮ್ಮಂ ಜಿಲ್ಲೆಯ ಪ್ರಕರಣವನ್ನು ನೆನಪಿಸಿಕೊಳ್ಳಬೇಕು. 2009ರಲ್ಲಿ ಅಲ್ಲಿ ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಲಸಿಕೆಯನ್ನು ಶಾಲಾ ವಯಸ್ಸಿನ ಸುಮಾರು 14,000 ಹೆಣ್ಣುಮಕ್ಕಳಿಗೆ ಒಂದು ಅಧ್ಯಯನದ ಅಂಗವಾಗಿ ಕೊಡಲಾಯಿತು. ಅನೇಕರು ಬುಡಕಟ್ಟು ಕುಟುಂಬಗಳ, ಹಾಸ್ಟೆಲುಗಳಲ್ಲಿದ್ದ ಮಕ್ಕಳು. ಕೆಲವು ಸಾವುಗಳು ವರದಿಯಾಗಿ ಗದ್ದಲವೆದ್ದು 2010ರ ಏಪ್ರಿಲ್‌ನಲ್ಲಿ ಅಧ್ಯಯನ ನಿಂತಿತು. ಸಾವುಗಳಿಗೆ ಲಸಿಕೆ ಕಾರಣವೆಂದು ವಿಚಾರಣೆಯಲ್ಲಿ ಕಂಡುಬರಲಿಲ್ಲ. ಲಸಿಕೆ ಒಳ್ಳೆಯದೇ ಎಂಬುದರಲ್ಲೂ ಇಂದು ವೈದ್ಯರಿಗೆ ಸಂಶಯವಿಲ್ಲ. ಆದರೆ 2013ರಲ್ಲಿ ಸಂಸತ್ತಿನ ಸ್ಥಾಯಿ ಸಮಿತಿಯ ವರದಿ ಬೊಟ್ಟು ಮಾಡಿದ್ದು ಸಮ್ಮತಿ ಪತ್ರಗಳತ್ತ. ಪರಿಶೀಲಿಸಿದ 9,543 ಪತ್ರಗಳಲ್ಲಿ 1,948ರಲ್ಲಿ ಹೆಬ್ಬೆಟ್ಟಿನ ಗುರುತು ಇತ್ತು. 2,763 ಪತ್ರಗಳಿಗೆ ಸಹಿ ಹಾಕಿದವರು ಹಾಸ್ಟೆಲ್ ವಾರ್ಡನ್‌ಗಳು. ತಂದೆತಾಯಿಗಳನ್ನು ಕೇಳಿರಲೇ ಇಲ್ಲ.

ಬೋರ್ಡಿಂಗ್ ಶಾಲೆ, ವಿದ್ಯಾರ್ಥಿ ನಿಲಯ ನಡೆಸುವ ನಮ್ಮ ಸಂಸ್ಥೆಗಳು ಈ ಸಂಖ್ಯೆಯನ್ನು ಕಚೇರಿಯ ಗೋಡೆಯ ಮೇಲೆ ಬರೆದಿಟ್ಟುಕೊಂಡರೂ ತಪ್ಪಿಲ್ಲ. ಮಕ್ಕಳ ಪಾಲಕರಂತೆ ನಾವು ನಡೆದುಕೊಳ್ಳುತ್ತೇವೆ ನಿಜ. ಆದರೆ ಸಂಶೋಧನೆಗೆ ಸಮ್ಮತಿ ಕೊಡುವ ಅಧಿಕಾರ ತಂದೆತಾಯಿಗಳದ್ದು ಅಥವಾ ಕಾನೂನು ಒಪ್ಪಿದ ಪೋಷಕರದ್ದು. ಚಿಂಚೋಳಿಯ ತಾಂಡಾದಿಂದ ಬಂದ ಹುಡುಗಿಯ ತಾಯಿ ಪುಣೆಯಲ್ಲಿ ಕೂಲಿ ಮಾಡುತ್ತಿದ್ದರೆ, ಆಕೆ ಬರುವವರೆಗೆ ಅಧ್ಯಯನ ಕಾಯಬೇಕು. ಅಲ್ಲದೆ ಏಳು ವರ್ಷ ದಾಟಿದ ಮಗುವಿನ ಒಪ್ಪಿಗೆಯನ್ನೂ ಕೇಳಬೇಕೆಂದು ನಮ್ಮ ದೇಶದ ಮಾರ್ಗಸೂಚಿ ಹೇಳುತ್ತದೆ.

ಸಾಕ್ಷಿ ಯಾರು, ಏಕೆ?

ನಾಜಿ ವೈದ್ಯರ ವಿಚಾರಣೆಯ ನಂತರ 1947ರಲ್ಲಿ ರೂಪುಗೊಂಡ ನ್ಯೂರೆಂಬರ್ಗ್ ಸಂಹಿತೆಯ ಮೊದಲ ಅಂಶವೇ ವ್ಯಕ್ತಿಯ ಸ್ವಇಚ್ಛೆಯ ಸಮ್ಮತಿ. 1952ರ ಸೆಪ್ಟೆಂಬರ್‌ನಲ್ಲಿ ಪೋಪ್ ಹನ್ನೆರಡನೇ ಪಿಯುಸ್‌ರವರು ವೈದ್ಯರ ಸಮ್ಮೇಳನವೊಂದನ್ನು ಉದ್ದೇಶಿಸಿ ಇದೇ ವಿಷಯವಾಗಿ ಮಾತನಾಡಿದರು. ವಿಜ್ಞಾನದ ಹಿತವಾಗಲಿ ಸಮಾಜದ ಹಿತವಾಗಲಿ ರೋಗಿಯ ಮೇಲೆ ವೈದ್ಯರಿಗೆ ಮಿತಿಯಿಲ್ಲದ ಹಕ್ಕು ಕೊಡುವುದಿಲ್ಲ ಎಂಬುದು ಆ ಭಾಷಣದ ತಿರುಳು. ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥದ 2292ರಿಂದ 2295ರವರೆಗಿನ ಪರಿಚ್ಛೇದಗಳನ್ನು ಓದಿದರೆ ಧರ್ಮಸಭೆ ಸಂಶೋಧನೆಗೆ ಅಡ್ಡಿಯಲ್ಲ ಎಂಬುದು ಸ್ಪಷ್ಟವಾಗುತ್ತದೆ. ಅದರ ಜೊತೆಗೇ ಇನ್ನೊಂದು ಕಟುವಾದ ಮಾತೂ ಇದೆ: ವ್ಯಕ್ತಿಯ ಘನತೆಗೆ ವಿರುದ್ಧವಾದ ಪ್ರಯೋಗವು ಆ ವ್ಯಕ್ತಿಯೇ ಒಪ್ಪಿದರೂ ನ್ಯಾಯವಾಗುವುದಿಲ್ಲ. ಸಹಿ ಇದ್ದರೆ ಎಲ್ಲ ಸರಿ ಎಂಬ ವಾದಕ್ಕೆ ನಮ್ಮಲ್ಲಿ ಎಡೆಯಿಲ್ಲ.

ಭಾರತದಲ್ಲಿ ಈಗ ಜಾರಿಯಲ್ಲಿರುವುದು 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳು ಹಾಗೂ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ನೈತಿಕ ಮಾರ್ಗಸೂಚಿ. ಪ್ರತಿಯೊಂದು ಅಧ್ಯಯನವನ್ನೂ ಮೊದಲು ನೈತಿಕ ಸಮಿತಿ ಪರಿಶೀಲಿಸಬೇಕು. ಆ ಸಮಿತಿಯಲ್ಲಿ ಕನಿಷ್ಠ ಏಳು ಮಂದಿ, ಅವರಲ್ಲಿ ಅರ್ಧದಷ್ಟಾದರೂ ಆಸ್ಪತ್ರೆಗೆ ಸಂಬಂಧಪಡದವರು. ಕಾನೂನು ತಿಳಿದವರು, ಮಹಿಳೆ, ವೈದ್ಯಕೀಯ ತಿಳಿಯದ ಸಾಮಾನ್ಯ ನಾಗರಿಕರು ಇರಬೇಕು. ಸಮಾಜವಿಜ್ಞಾನಿ, ತತ್ವಜ್ಞಾನಿ ಅಥವಾ ದೈವಶಾಸ್ತ್ರಜ್ಞರಿಗೂ ಅಲ್ಲಿ ಸ್ಥಾನವಿದೆ. ಧರ್ಮಗುರುಗಳು ಇಂತಹ ಸಮಿತಿಗಳಲ್ಲಿ ಕೂರುವುದು ಈ ಕಾರಣಕ್ಕೆ. ಕೂತವರು ಚಹಾ ಕುಡಿದು ತಲೆಯಾಡಿಸಿ ಬರದೆ, ‘ಇದನ್ನು ನಮ್ಮ ವಾಡಿಯ ಕೂಲಿಯಾಳಿಗೆ ಹೇಗೆ ಹೇಳುತ್ತೀರಿ?’ ಎಂದು ಕೇಳಿದರೆ ಸಾಕು, ಸಮ್ಮತಿ ಪತ್ರದ ಭಾಷೆ ತನ್ನಷ್ಟಕ್ಕೆ ಸರಳವಾಗುತ್ತದೆ.

ಇನ್ನು ಸಾಕ್ಷಿ. ರೋಗಿಗೆ ಅಥವಾ ಅವರ ಪರವಾಗಿ ನಿರ್ಧರಿಸುವವರಿಗೆ ಓದಲು, ಬರೆಯಲು ಬಾರದಿದ್ದರೆ ನಿಷ್ಪಕ್ಷಪಾತ ಸಾಕ್ಷಿಯೊಬ್ಬರು ಇರಬೇಕೆಂಬುದು ನಿಯಮ. ಕೊನೆಯಲ್ಲಿ ಬಂದು ಸಹಿ ಹಾಕುವುದಲ್ಲ, ವಿವರಣೆ ಆರಂಭವಾದಾಗಿನಿಂದ ಮುಗಿಯುವ ತನಕ ಅಲ್ಲಿ ಇರಬೇಕು. ಅವರಿಗೆ ಓದು ಬರಬೇಕು, ಸಂಶೋಧಕರ ಹಂಗಿನಲ್ಲಿ ಇರಬಾರದು. ಆದ್ದರಿಂದ ಆ ವೈದ್ಯರ ಕೈಕೆಳಗಿನ ನರ್ಸ್ ಸಾಕ್ಷಿಯಾಗಲು ತಕ್ಕವರಲ್ಲ. ಆಸ್ಪತ್ರೆ ನಮ್ಮದೇ ಧರ್ಮಪ್ರಾಂತ್ಯದ್ದಾಗಿದ್ದು, ಜೊತೆಗೆ ಹೋದ ಕಾರ್ಯಕರ್ತರು ಅಲ್ಲಿಯೇ ಸಂಬಳ ಪಡೆಯುವವರಾಗಿದ್ದರೆ ಅವರೂ ತಕ್ಕವರಲ್ಲ. ಇದನ್ನು ಬರೆಯುವುದು ಸ್ವಲ್ಪ ಮುಜುಗರದ ಮಾತೇ, ಆದರೂ ಬರೆಯಬೇಕಾಗಿದೆ. ಸಾಕ್ಷಿಯ ಸಹಿಯ ಅರ್ಥವಿಷ್ಟು: ‘ಪತ್ರದಲ್ಲಿರುವುದನ್ನು ಇವರಿಗೆ ಸರಿಯಾಗಿ ಹೇಳಿದರು, ಇವರಿಗೆ ತಿಳಿದಂತೆ ನನಗೆ ಕಂಡಿತು, ಯಾರ ಒತ್ತಾಯವೂ ಇಲ್ಲದೆ ಇವರು ಒಪ್ಪಿದರು.’ ಹೀಗೆ ಕಾಣದಿದ್ದರೆ ಸಹಿ ಹಾಕಬಾರದು.

ಭಾಷೆಯ ಪ್ರಶ್ನೆ ಇಲ್ಲಿ ದೊಡ್ಡದು. ಚಿಂಚೋಳಿ, ಸೇಡಂ ತೆಲಂಗಾಣದ ಅಂಚಿನಲ್ಲಿರುವ ಸೀಮೆ. ಕನ್ನಡ, ತೆಲುಗು, ದಖನಿ ಉರ್ದು, ಲಂಬಾಣಿ ನಾಲ್ಕೂ ಅಲ್ಲಿಯ ಮನೆಮಾತುಗಳು. ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಅಚ್ಚಾದ ಕನ್ನಡ ಪತ್ರವನ್ನು ಗಟ್ಟಿಯಾಗಿ ಓದಿದರೂ ತಾಂಡಾದ ಅಜ್ಜಿಗೆ ಅದು ಅರ್ಧ ಇಂಗ್ಲಿಷಿನಂತೆಯೇ. ನಮ್ಮ ಕಾರ್ಯಕರ್ತರಲ್ಲಿ ಹಲವರ ಕೊಂಕಣಿ ಅಥವಾ ತುಳು ಬೆರೆತ ಕನ್ನಡವೂ ಆಕೆಗೆ ಅಷ್ಟೇ ದೂರ. ಆಕೆಯ ಮಾತು ಬಲ್ಲವರೊಬ್ಬರನ್ನು ಕರೆಸುವಂತೆ ಕೇಳುವುದು ಸಾಕ್ಷಿಯ ಹಕ್ಕು. ತಿಳಿಯಿತೇ ಇಲ್ಲವೇ ಎಂದು ಪರೀಕ್ಷಿಸಲು ಸುಲಭವಾದ ದಾರಿಯೂ ಒಂದಿದೆ. ‘ತಿಳೀತೇನಮ್ಮಾ?’ ಎಂದು ಕೇಳಿದರೆ ಹೂಂ ಎನ್ನುತ್ತಾರೆ. ‘ಡಾಕ್ಟರು ಏನು ಹೇಳಿದರು, ನಿಮ್ಮ ಮಗನಿಗೆ ಹೇಳಿದ ಹಾಗೆ ನನಗೆ ಹೇಳಿ’ ಎಂದು ಕೇಳಬೇಕು. ಸೇರದಿದ್ದರೂ ಚಿಕಿತ್ಸೆ ನಿಲ್ಲುವುದಿಲ್ಲ, ಸೇರಿದ ಮೇಲೂ ಯಾವಾಗ ಬೇಕಾದರೂ ಬಿಡಬಹುದು, ಈ ಎರಡು ಮಾತು ಅವರ ಬಾಯಿಂದಲೇ ಬರಬೇಕು. ‘ಬೇಡ ಅಂದರೆ ಹಾಸಿಗೆ ಬಿಡಿಸುತ್ತಾರೆ’ ಎಂಬ ಭಯ ಅವರ ಮನಸ್ಸಿನಲ್ಲಿದ್ದರೆ ಆ ಹೆಬ್ಬೆಟ್ಟಿಗೆ ಬೆಲೆಯಿಲ್ಲ.

ಹಣದ ವಿಚಾರ. ಸೇಡಂನಿಂದ ಬೆಂಗಳೂರಿಗೆ ಮತ್ತೆಮತ್ತೆ ಬಂದು ಹೋಗುವ ಖರ್ಚನ್ನೂ ಕಳೆದುಕೊಂಡ ಕೂಲಿಯನ್ನೂ ಅಧ್ಯಯನ ನಡೆಸುವವರು ಭರಿಸಬಹುದು. ಅದು ಆಮಿಷವಲ್ಲ. ಕೈತುಂಬ ಹಣದ ಆಸೆ ತೋರಿಸಿ ಅಪಾಯ ಮರೆಸುವುದು ಆಮಿಷ. ಟ್ರಯಲ್‌ನಿಂದ ದೇಹಕ್ಕೆ ಹಾನಿಯಾದರೆ ಉಚಿತ ಚಿಕಿತ್ಸೆ ಕೊಡಬೇಕು, ಹಾನಿಗೆ ಟ್ರಯಲ್ ಕಾರಣವೆಂದು ತೀರ್ಮಾನವಾದರೆ ಪರಿಹಾರವನ್ನೂ ಕೊಡಬೇಕು. ಇವೆಲ್ಲ ಮಾಹಿತಿ ಪತ್ರದಲ್ಲಿ ಬರೆದಿರಬೇಕು. ತೆಗೆದ ರಕ್ತವನ್ನು ಮುಂದೆ ಬೇರೆ ಅಧ್ಯಯನಕ್ಕೆ ಇಟ್ಟುಕೊಳ್ಳುತ್ತಾರೆಯೇ ಎಂಬುದನ್ನೂ ಕೇಳಿ ತಿಳಿಯಬೇಕು.

ಕ್ಲಿನಿಕಲ್ ಟ್ರಯಲ್‌ಗಳನ್ನು ಭಾರತದ ಟ್ರಯಲ್ ನೋಂದಣಿ ಪುಸ್ತಕದಲ್ಲಿ ದಾಖಲಿಸುವುದು 2009ರ ಜೂನ್‌ನಿಂದ ಕಡ್ಡಾಯ. ಸಿ.ಟಿ.ಆರ್.ಐ. ಎಂದು ಆರಂಭವಾಗುವ ಆ ಸಂಖ್ಯೆಯನ್ನು ಕೇಳಿ ಬರೆದುಕೊಂಡರೆ, ಅಧ್ಯಯನ ಯಾರದು, ಏತಕ್ಕೆ ಎಂಬುದನ್ನು ಇಂಟರ್‌ನೆಟ್ಟಿನಲ್ಲಿ ಯಾರು ಬೇಕಾದರೂ ನೋಡಬಹುದು. ಮಾಹಿತಿ ಪತ್ರದ ಮತ್ತು ಸಹಿಯಾದ ಸಮ್ಮತಿ ಪತ್ರದ ಒಂದು ಪ್ರತಿ ರೋಗಿಗೆ ಕೊಡಲೇಬೇಕು. ಶೆಡ್ಡಿನಲ್ಲಿ ಮಳೆಗಾಲದಲ್ಲಿ ಕಾಗದ ಉಳಿಯುವುದಿಲ್ಲ. ಆದ್ದರಿಂದ ರೋಗಿ ಒಪ್ಪಿದರೆ ಅದರ ಇನ್ನೊಂದು ಪ್ರತಿಯನ್ನು ಧರ್ಮಕೇಂದ್ರದ ಕಚೇರಿಯಲ್ಲಿ ಇಟ್ಟುಕೊಳ್ಳಬಹುದು. ಅದರ ಕೊನೆಯ ಪುಟದಲ್ಲಿ ಎರಡು ದೂರವಾಣಿ ಸಂಖ್ಯೆಗಳಿರಬೇಕು: ಒಂದು ಸಂಶೋಧಕ ವೈದ್ಯರದ್ದು, ಇನ್ನೊಂದು ನೈತಿಕ ಸಮಿತಿಯದ್ದು. ಊರಿಗೆ ಮರಳಿದ ರೋಗಿ ಶಹಾಬಾದಿನಿಂದ ಫೋನ್ ಮಾಡಿ ‘ಆ ಗುಳಿಗಿ ತಗೊಂಡಾಗಿಂದ ಮೈ ಉರೀತದ್ರೀ’ ಎಂದರೆ ಮೊದಲನೆಯ ಸಂಖ್ಯೆಗೆ ಕೂಡಲೇ ತಿಳಿಸಬೇಕು. ಅಲ್ಲಿಂದ ಉತ್ತರ ಬರದಿದ್ದರೆ ಎರಡನೆಯದಕ್ಕೆ.